ಇಲಿಗೆ ನೆಂಟ, ಮನುಷ್ಯನಿಗೆ ಕಂಟಕ

ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಬೈಲಹೊಂಗಲದ ಕಡೆಯ ಎರೆಹೊಲಗಳಲ್ಲಿ ಮಕ್ಕಳಿಗೊಂದು ಆಟ ಸಿಗುತ್ತದೆ. ಬದುವಿನಲ್ಲಿ ಇಲಿಯ ಬಿಲ ಹುಡುಕುವುದು, ಅಗೆಯುವುದು. ಮೊಳ ಎರಡು ಮೊಳ ಅಗೆದರೆ ಒಳಗೊಂದು ಉಗ್ರಾಣವೇ ತೆರೆದುಕೊಳ್ಳುತ್ತದೆ. ಕತ್ತರಿಸಿ ತಂದು ಒಟ್ಟಿದ ಜೋಳದ ತೆನೆ, ಕಡಲೆ, ಶೇಂಗಾ! ರೈತನಿಗಿಂತ ಮೊದಲು ಇಲಿಯೇ ಸುಗ್ಗಿ ಮಾಡಿ ಮುಗಿಸಿತಲ್ಲ ಎಂದು ಹಿರಿಯರು ನಗುತ್ತಾರೆ. ಆ ನಗೆಯಲ್ಲಿ ಸಂಕಟವೂ ಬೆರೆತಿರುತ್ತದೆ.

ಇಲಿ ಕಾಳು ಕದಿಯುವುದು ಎಲ್ಲರಿಗೂ ಗೊತ್ತು. ಅದರ ಮೈಯಲ್ಲಿ ಕಣ್ಣಿಗೆ ಕಾಣದ ಸರಕೂ ಇರಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಸರಕಿನ ಹೆಸರು ವೈರಸ್. ಜಗತ್ತಿನ ಬೇರೆ ಬೇರೆ ಕಡೆ ಬೇರೆ ಬೇರೆ ಜಾತಿಯ ಇಲಿಗಳು ತಮ್ಮದೇ ಆದ ವೈರಸ್ಸನ್ನು ಹೊತ್ತು ಬದುಕುತ್ತವೆ. ಇಲಿ ಓಡಾಡುತ್ತದೆ, ಮೇಯುತ್ತದೆ, ಮರಿ ಹಾಕುತ್ತದೆ. ನೋಡಿದವರಿಗೆ ರೋಗದ ಸುಳಿವೇ ಇಲ್ಲ. ಅದೇ ವೈರಸ್ ಮನುಷ್ಯನ ಮೈ ಸೇರಿದರೆ ಜ್ವರ, ರಕ್ತಸ್ರಾವ, ಕೆಲವೊಮ್ಮೆ ಸಾವು.

ಇಲಿಗೆ ನೆಂಟನಂತಿರುವುದು ಮನುಷ್ಯನಿಗೆ ಕಂಟಕವಾಗುವುದು ಯಾಕೆ? ಈ ಪ್ರಶ್ನೆಗೆ ವಿಜ್ಞಾನಿಗಳು ಉತ್ತರ ಹುಡುಕಿದ ಕತೆ ರೋಚಕವಾಗಿದೆ. ಇಲಿಗಳನ್ನು ಹೊಲದಲ್ಲೇ ಗಮನಿಸಿ ಬರೆದಿಡುವ ಕೆಲಸವಂತೂ ಮಲಪ್ರಭೆಯ ಈ ಸೀಮೆಯಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದೆಯೇ ನಡೆದಿತ್ತು.

ಕಿತ್ತೂರಿನ ಕೈದಿ

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ನಡೆದದ್ದು ಶಾಲೆಯ ಮಕ್ಕಳಿಗೆಲ್ಲ ಗೊತ್ತು. ರಾಣಿ ಚೆನ್ನಮ್ಮನ ಪಡೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ಅವನ ಇಬ್ಬರು ಸಹಾಯಕರು ಸೆರೆ ಸಿಕ್ಕರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್ ಆಗ ಇಪ್ಪತ್ತೊಂದು ವರ್ಷದ ತರುಣ.

ಬಿಡುಗಡೆಯಾದ ಎಲಿಯಟ್ ಈ ಸೀಮೆಯನ್ನು ಬಿಟ್ಟು ಹೋಗಲಿಲ್ಲ. 1833ರವರೆಗೂ ಇಲ್ಲೇ ಅಧಿಕಾರಿಯಾಗಿದ್ದ. ಊರೂರು ತಿರುಗಿ ಕನ್ನಡ ಶಾಸನಗಳನ್ನು ನಕಲು ಮಾಡಿಸಿದ. ಅದರ ಜೊತೆಗೆ ಕಾಡಿನ ಮತ್ತು ಹೊಲದ ಪ್ರಾಣಿಗಳನ್ನೂ ಗಮನಿಸಿದ. ಆಗ ‘ದಕ್ಷಿಣ ಮರಾಠಾ ಸೀಮೆ’ ಎಂದು ಕರೆಯುತ್ತಿದ್ದ ಈ ನಾಡಿನ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದ. ಅದರಲ್ಲಿ ಹುಲಿ, ಚಿರತೆಗಳಷ್ಟೇ ಆದರದಿಂದ ಇಲಿಗಳಿಗೂ ಜಾಗ ಕೊಟ್ಟ.

ಇಲಿಗಳ ವಿಷಯದಲ್ಲಿ ಅವನಿಗೆ ಗುರುಗಳಾದವರು ಕೆರೆ ತೋಡುವ ವಡ್ಡರು. ಯಾವ ಬಿಲ ಯಾವ ಇಲಿಯದು, ಯಾವುದು ಎಷ್ಟು ಮರಿ ಹಾಕುತ್ತದೆ, ಯಾವುದರ ಉಗ್ರಾಣದಲ್ಲಿ ಎಷ್ಟು ಕಾಳು ಸಿಗುತ್ತದೆ ಎಂಬುದೆಲ್ಲ ಅವರಿಗೆ ಕರತಲಾಮಲಕ. ಎರೆಹೊಲದ ಮೃದು ಕೂದಲಿನ ಇಲಿಗೆ ಅವರು ಹೇಳುತ್ತಿದ್ದ ‘ಮೆಟ್ಟಾಡ’ ಎಂಬ ಹೆಸರೇ ಸ್ವಲ್ಪ ರೂಪ ಬದಲಿಸಿ ‘ಮೆಲ್ಟಾಡ’ ಎಂದು ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಹೋಯಿತು. ಇಂದಿಗೂ ಆ ಇಲಿಯ ಶಾಸ್ತ್ರೀಯ ಹೆಸರು ‘ಮಿಲ್ಲಾರ್ಡಿಯಾ ಮೆಲ್ಟಾಡ’. ಪೊದೆಗಳಲ್ಲಿ ವಾಸಿಸುವ ಇನ್ನೊಂದು ಇಲಿಗೆ ಎಲಿಯಟ್‌ನ ಹೆಸರನ್ನೇ ಇಡಲಾಗಿದೆ.

ಬಿರುಕಿನ ಲೆಕ್ಕ

ಎಲಿಯಟ್ ಬರೆದಿಟ್ಟ ಒಂದು ಸಂಗತಿ ನಮ್ಮ ಕತೆಗೆ ಬಹಳ ಮುಖ್ಯ.

ಬೇಸಿಗೆಯಲ್ಲಿ ಎರೆಭೂಮಿ ಬಾಯ್ದೆರೆದು ಬಿರಿಯುತ್ತದೆ. ಸವದತ್ತಿ, ರಾಮದುರ್ಗದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೆಟ್ಟಾಡ ಇಲಿ ಆಳವಾದ ಬಿಲ ತೋಡುವ ಗೋಜಿಗೆ ಹೋಗುವುದಿಲ್ಲ. ಈ ಬಿರುಕುಗಳಲ್ಲೋ ಕಲ್ಲುಗುಪ್ಪೆಯ ಸಂದಿಯಲ್ಲೋ ಹೆಗ್ಗಣ ಬಿಟ್ಟುಹೋದ ಬಿಲದಲ್ಲೋ ಇದ್ದುಬಿಡುತ್ತದೆ. ಮುಂಗಾರು ಸುರಿದೊಡನೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಒಳಗಿದ್ದ ಇಲಿಗಳು ಅಲ್ಲೇ ಸಮಾಧಿಯಾಗುತ್ತವೆ. ಪ್ರತಿವರ್ಷ ನಿಸರ್ಗವೇ ಹೀಗೆ ಇಲಿಗಳ ಲೆಕ್ಕ ಸರಿಪಡಿಸುತ್ತಿತ್ತು.

1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಒಂದು ಸೂಲಿಗೆ ಆರರಿಂದ ಎಂಟು ಮರಿ ಹಾಕುವ ಪ್ರಾಣಿ ಅದು. ನೋಡುನೋಡುತ್ತ ಹೊಲವೆಲ್ಲ ಇಲಿಯಾಯಿತು. ಬಿತ್ತಿದ ಬೀಜವನ್ನು ಬಿತ್ತಿದ ಹಾಗೆಯೇ ತಿಂದವು. ಉಳಿದದ್ದು ತೆನೆಗಟ್ಟಿದಾಗ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರಿಗೆ ಕಂದಾಯ ಕಟ್ಟಲೂ ಗತಿಯಿರಲಿಲ್ಲ. ಇಂತಿಷ್ಟು ಡಜನ್ ಇಲಿ ಕೊಂದರೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ವಡ್ಡರನ್ನು ಕರೆಸಿದರು. ಅವರು ಸಾವಿರಗಟ್ಟಲೆ ಇಲಿ ಕೊಂದರು. ಆದರೂ ಇಲಿಗಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯಲಿಲ್ಲ ಎಂದು ಎಲಿಯಟ್ ದಾಖಲಿಸಿದ್ದಾನೆ.

ಈ ಅನುಭವದಲ್ಲಿ ಎರಡು ಪಾಠಗಳಿವೆ. ಒಂದು, ಇಲಿಯ ಸಂಖ್ಯೆಯನ್ನು ಆಳುವುದು ಮಳೆ, ಮಣ್ಣು ಮತ್ತು ಮೇವು. ಎರಡು, ಬಯಲಿನಲ್ಲಿ ಬಡಿದು ಕೊಂದು ಇಲಿಯನ್ನು ಮುಗಿಸಲಾಗದು. ಎಲಿಯಟ್‌ನ ಕಾಲದಲ್ಲಿ ವೈರಸ್ ಎಂಬುದೇ ಗೊತ್ತಿರಲಿಲ್ಲ. ಆದರೆ ಅದರ ಕತೆಯಲ್ಲೂ ಇವೇ ಎರಡು ಪಾಠಗಳು ಮತ್ತೆ ಎದುರಾಗುತ್ತವೆ.

ಇಲಿ ಬೀಳದ ರೋಗ

ಇಲಿ ಮತ್ತು ರೋಗ ಎಂದೊಡನೆ ಹಿರಿಯರಿಗೆ ನೆನಪಾಗುವುದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ವರ್ಷಗಳಲ್ಲಿ ಬೆಳಗಾವಿ, ಧಾರವಾಡದ ಸೀಮೆಗೂ ಬಂತು. ಮನೆಯ ಅಟ್ಟದಿಂದ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸತ್ತ ಇಲಿಯೇ ಆಗ ಅಪಾಯದ ಗಂಟೆ.

ಆದರೆ ಪ್ಲೇಗು ವೈರಸ್ಸಿನ ರೋಗವಲ್ಲ. ಅದನ್ನು ತರುವುದು ಒಂದು ಬ್ಯಾಕ್ಟೀರಿಯ. ಮಳೆಗಾಲದಲ್ಲಿ ಗದ್ದೆಯ ನೀರಿನಿಂದ ಬರುವ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಕೂಡ ಬ್ಯಾಕ್ಟೀರಿಯದ್ದೇ. ಬ್ಯಾಕ್ಟೀರಿಯಗಳಿಗೆ ಆಂಟಿಬಯೋಟಿಕ್ ಔಷಧಗಳಿವೆ. ವೈರಸ್ಸಿಗೆ ಅವು ನಾಟುವುದಿಲ್ಲ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ನೆನಪಿಡಬೇಕು.

ಇಲಿಯ ವೈರಸ್ಸುಗಳ ಸ್ವಭಾವವೇ ಬೇರೆ. ಇಲ್ಲಿ ಇಲಿ ಬೀಳುವುದಿಲ್ಲ, ಗಂಟೆಯೂ ಬಾರಿಸುವುದಿಲ್ಲ. ಇದನ್ನು ಜಗತ್ತು ಕಲಿತದ್ದು ಕೊರಿಯಾದಲ್ಲಿ. 1950ರ ದಶಕದ ಆರಂಭದ ಕೊರಿಯಾ ಯುದ್ಧದಲ್ಲಿ ವಿಶ್ವಸಂಸ್ಥೆಯ ಪಡೆಗಳ 3,000ಕ್ಕೂ ಹೆಚ್ಚು ಸೈನಿಕರು ವಿಚಿತ್ರ ಜ್ವರದಿಂದ ಮಲಗಿದರು. ರಕ್ತಸ್ರಾವ, ಮೂತ್ರಪಿಂಡಗಳ ವೈಫಲ್ಯ. ರೋಗದ ಮೂಲ ಇಪ್ಪತ್ತು ವರ್ಷ ಕಳೆದರೂ ಯಾರ ಕೈಗೂ ಸಿಗಲಿಲ್ಲ.

ಕೊನೆಗೆ 1976ರಲ್ಲಿ ಹೋ ವಾಂಗ್ ಲೀ ಎಂಬ ಕೊರಿಯಾದ ವಿಜ್ಞಾನಿ ಅದನ್ನು ಹಿಡಿದರು. ಅವರು ಹೊಲದ ಇಲಿಗಳನ್ನು ಹಿಡಿದು ಅವುಗಳ ಶ್ವಾಸಕೋಶದ ತೆಳುಪದರಕ್ಕೆ ಜ್ವರದಿಂದ ಚೇತರಿಸಿಕೊಂಡವರ ರಕ್ತದ ಸೀರಮ್ ಹಾಕಿ, ಹೊಳೆಯುವ ಬಣ್ಣ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೆನ್ನ ಮೇಲೆ ಕಪ್ಪು ಪಟ್ಟೆಯಿರುವ ಇಲಿಯ ಶ್ವಾಸಕೋಶ ಹೊಳೆಯಿತು. ವೈರಸ್ ಅಲ್ಲಿತ್ತು! ಆದರೆ ಆ ಇಲಿಗಳು ಗಟ್ಟಿಮುಟ್ಟಾಗಿದ್ದವು. ಅಲ್ಲಿ ಹರಿಯುವ ಹಂಟಾನ್ ನದಿಯ ಹೆಸರನ್ನು ವೈರಸ್ಸಿಗೆ ಇಟ್ಟರು. ‘ಹಂಟಾವೈರಸ್’ ಎಂಬ ಇಡೀ ವಂಶದ ಹೆಸರು ಬಂದದ್ದು ಹೀಗೆ.

ತಾಯಿಯ ಗರ್ಭದಲ್ಲಿ ಆದ ಪರಿಚಯ

ಇಲಿಗೆ ಯಾಕೆ ಏನೂ ಆಗಲಿಲ್ಲ? ಇದರ ಮೊದಲ ಸುಳಿವು ಸಿಕ್ಕಿದ್ದು ಪ್ರಯೋಗಾಲಯದ ಚಿಟ್ಟಿಲಿಗಳಲ್ಲಿ.

1933ರಲ್ಲಿ ಅಮೆರಿಕದಲ್ಲಿ ಮಿದುಳಿನ ಪೊರೆಯ ಉರಿಯೂತ ತರುವ ಒಂದು ವೈರಸ್ ಪತ್ತೆಯಾಯಿತು. ಅದರ ಉದ್ದನೆಯ ಹೆಸರನ್ನು ಮೊಟಕುಗೊಳಿಸಿ ಎಲ್.ಸಿ.ಎಂ. ವೈರಸ್ ಎನ್ನುತ್ತಾರೆ. ಅದರ ಸಹಜ ನೆಲೆ ಮನೆಯ ಚಿಟ್ಟಿಲಿ. ಎರಿಕ್ ಟ್ರೌಬ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಒಂದು ಸೋಜಿಗವನ್ನು ಗಮನಿಸಿದ. ಬೆಳೆದ ಇಲಿಯ ಮಿದುಳಿಗೆ ಈ ವೈರಸ್ ಚುಚ್ಚಿದರೆ ಅದು ಸಾಯುತ್ತದೆ. ತಾಯಿಯ ಗರ್ಭದಲ್ಲೇ ವೈರಸ್ ತಗುಲಿದ ಮರಿ ಮಾತ್ರ ಬದುಕುತ್ತದೆ, ಬೆಳೆಯುತ್ತದೆ, ಜೀವಮಾನವಿಡೀ ವೈರಸ್ಸನ್ನು ಹೊರಗೆ ಚೆಲ್ಲುತ್ತಲೇ ಇರುತ್ತದೆ.

ಕಾರಣವೇನು? ಪ್ರತಿ ಪ್ರಾಣಿಯ ಮೈಯಲ್ಲೂ ಕಾವಲು ಪಡೆಯೊಂದಿದೆ. ಅದೇ ರೋಗನಿರೋಧಕ ವ್ಯವಸ್ಥೆ. ತನ್ನವರಾರು, ಪರಕೀಯರಾರು ಎಂಬುದನ್ನು ಆ ಪಡೆ ಜೀವನದ ಆರಂಭದಲ್ಲೇ ಕಲಿಯುತ್ತದೆ. ಗರ್ಭದಲ್ಲೇ ಪರಿಚಯವಾದ ವೈರಸ್ಸನ್ನು ಅದು ಮನೆಯವರ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಮನೆಯವರ ಮೇಲೆ ಯಾರು ದೊಣ್ಣೆ ಎತ್ತುತ್ತಾರೆ?

ಇನ್ನೂ ಅಚ್ಚರಿಯ ಸಂಗತಿ ಮುಂದಿದೆ. ಬೆಳೆದ ಇಲಿಯನ್ನು ಕೊಲ್ಲುವುದು ನೇರವಾಗಿ ವೈರಸ್ ಅಲ್ಲ. ವೈರಸ್ ಹೊಕ್ಕ ಜೀವಕೋಶಗಳನ್ನು ಹುಡುಕಿ ನಾಶಮಾಡಲು ಹೊರಟ ಟಿ-ಕೋಶಗಳೆಂಬ ಸ್ವಂತ ಸೈನಿಕರೇ ಮಿದುಳಿನ ಪೊರೆಯನ್ನು ಹಾಳುಗೆಡವುತ್ತವೆ. ಕಳ್ಳನನ್ನು ಹಿಡಿಯಲು ಬಂದವರು ಮನೆಯ ಗೋಡೆಯನ್ನೇ ಕೆಡವಿದ ಹಾಗೆ. ಈ ಟಿ-ಕೋಶಗಳು ವೈರಸ್ ಹೊಕ್ಕ ಕೋಶವನ್ನು ಹೇಗೆ ಗುರುತಿಸುತ್ತವೆ ಎಂಬುದನ್ನು ಇದೇ ವೈರಸ್, ಇದೇ ಇಲಿಗಳನ್ನು ಇಟ್ಟುಕೊಂಡು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಕಂಡುಹಿಡಿದರು. 1996ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು.

ಹಂಟಾವೈರಸ್ಸಿನ ಕತೆ ಸ್ವಲ್ಪ ಬೇರೆ. ಅದು ಹೆಚ್ಚಾಗಿ ತಗುಲುವುದು ಬೆಳೆದ ಇಲಿಗಳಿಗೆ, ಅದರಲ್ಲೂ ಗಂಡಿಲಿಗಳಿಗೆ. ಜಾಗಕ್ಕಾಗಿ, ಹೆಣ್ಣಿಗಾಗಿ ಅವು ಕಚ್ಚಾಡುತ್ತವೆ. ಗಾಯದ ಮೂಲಕ ವೈರಸ್ ದಾಟುತ್ತದೆ. ಆದರೆ ಇಲಿಯ ಮೈಯಲ್ಲಿ ಕಾವಲು ಪಡೆಗೆ ಲಗಾಮು ಹಾಕುವ ‘ನಿಯಂತ್ರಕ’ ಟಿ-ಕೋಶಗಳು ಎದ್ದು ನಿಲ್ಲುತ್ತವೆ. ಯುದ್ಧ ಜೋರಾಗದಂತೆ ನೋಡಿಕೊಳ್ಳುತ್ತವೆ. ಹೀಗೆ ಇಲಿಯೂ ಉಳಿಯುತ್ತದೆ, ವೈರಸ್ಸೂ ಉಳಿಯುತ್ತದೆ. ಇಲಿಯ ಮೂತ್ರ, ಹಿಕ್ಕೆ ಮತ್ತು ಜೊಲ್ಲಿನಲ್ಲಿ ವೈರಸ್ ಹೊರಬರುತ್ತಿರುತ್ತದೆ.

ಮನುಷ್ಯನ ಮೈಯಲ್ಲಿ ಈ ಹೊಂದಾಣಿಕೆ ಇಲ್ಲ. ಅಪರಿಚಿತನನ್ನು ಕಂಡ ಕಾವಲು ಪಡೆ ಒಮ್ಮೆಲೇ ಮುಗಿಬೀಳುತ್ತದೆ. ಆ ರಭಸಕ್ಕೆ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ಹಂಟಾ ಜ್ವರದ ಅಪಾಯ ಹೆಚ್ಚಾಗಿ ಇರುವುದು ಈ ಸೋರಿಕೆಯಲ್ಲೇ.

ಹಾಗೆಂದು ಇಲಿಗೆ ಈ ನೆಂಟಸ್ತಿಕೆ ಪೂರ್ತಿ ಪುಕ್ಕಟೆಯಲ್ಲ. ಫಿನ್ಲೆಂಡಿನ ಕಾಡಿಲಿಗಳನ್ನು ವರ್ಷಗಟ್ಟಲೆ ಗುರುತು ಹಾಕಿ ಹಿಂಬಾಲಿಸಿದಾಗ, ವೈರಸ್ ಹೊತ್ತ ಇಲಿಗಳಲ್ಲಿ ಚಳಿಗಾಲ ದಾಟಿದವು ಕಡಿಮೆ ಎಂದು 2007ರಲ್ಲಿ ತಿಳಿದುಬಂತು. ನೆಂಟ ಉಣ್ಣುವುದು ಮನೆಯ ಅನ್ನವನ್ನೇ ಅಲ್ಲವೇ?

ಮಳೆ ಬಂದ ವರ್ಷ

ಈಗ 1826ರ ಎರೆಹೊಲವನ್ನು ಮತ್ತೆ ನೆನಪಿಸಿಕೊಳ್ಳಿ. ಮಳೆ ತಪ್ಪಿದಾಗ ಇಲಿ ಹೆಚ್ಚಿತ್ತು. ಆ ಇಲಿಯ ಜೊತೆಗೆ ವೈರಸ್ಸೂ ಇದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು 1993ರಲ್ಲಿ, ಅಮೆರಿಕದ ನೈಋತ್ಯ ಮೂಲೆಯಲ್ಲಿ.

ಅಲ್ಲಿನ ಒಣನಾಡಿನಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನವಾಹೋ ಬುಡಕಟ್ಟಿನ ಆರೋಗ್ಯವಂತ ತರುಣರು ಇದ್ದಕ್ಕಿದ್ದಂತೆ ಉಸಿರುಕಟ್ಟಿ ಸತ್ತರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಪರೀಕ್ಷಿಸಿದಾಗ ಅದೂ ಒಂದು ಹಂಟಾವೈರಸ್ ಎಂದು ಗೊತ್ತಾಯಿತು. ಹೊತ್ತು ತಂದದ್ದು ಜಿಂಕೆಬಣ್ಣದ ಒಂದು ಪುಟ್ಟ ಇಲಿ. ಹಿಡಿದ ಇಲಿಗಳಲ್ಲಿ ನೂರಕ್ಕೆ ಸುಮಾರು ಮೂವತ್ತರಲ್ಲಿ ಸೋಂಕಿನ ಗುರುತಿತ್ತು.

ಆ ವರ್ಷವೇ ಯಾಕೆ? ಎಲ್ ನಿನೊ ಪ್ರಭಾವದಿಂದ ಅಲ್ಲಿ ಅದಕ್ಕೆ ಮುಂಚೆ ಹಿಮ ಮತ್ತು ಮಳೆ ಯಥೇಚ್ಛವಾಗಿ ಬಿದ್ದಿತ್ತು. ಪಿನ್ಯಾನ್ ಮರಗಳ ಬೀಜ ಹುಲುಸಾಗಿತ್ತು. ಮೇವು ಹೆಚ್ಚಿದಂತೆ ಇಲಿ ಅನೇಕ ಪಟ್ಟು ಹೆಚ್ಚಿ ಮನೆಗಳಿಗೆ ನುಗ್ಗಿತು. ಬೀಜ ಹೆಚ್ಚಾದ ವರ್ಷ ಇಲಿ ಹೆಚ್ಚುತ್ತದೆ, ಇಲಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು ಎಂಬ ತಿಳಿವಳಿಕೆ ನವಾಹೋ ಹಿರಿಯರಲ್ಲಿ ಮೊದಲೇ ಇತ್ತು. ವಿಜ್ಞಾನಿಗಳ ಶೋಧನೆ ಅದಕ್ಕೆ ಹೊಂದಿಕೆಯಾಯಿತು. ಇಂದಿಗೂ ಈ ರೋಗ ತಗುಲಿದ ಹತ್ತು ಜನರಲ್ಲಿ ಮೂರ್ನಾಲ್ಕು ಜನ ಉಳಿಯುವುದಿಲ್ಲ.

ಅಲ್ಲಿ ಮಳೆ ಹೆಚ್ಚಿ ಇಲಿ ಹೆಚ್ಚಿತು, ಇಲ್ಲಿ ಮಳೆ ತಪ್ಪಿ ಇಲಿ ಹೆಚ್ಚಿತು. ದಾರಿ ಬೇರೆ, ಲೆಕ್ಕ ಒಂದೇ. ಇಲಿಗೆ ಉಳಿಯಲು ಜಾಗ ಮತ್ತು ತಿನ್ನಲು ಮೇವು ಎಲ್ಲಿ ಸಿಗುತ್ತದೋ ಅಲ್ಲಿ ಅದು ಬೆಳೆಯುತ್ತದೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗೆ ಹರಿದ ಮೇಲೆ ಈ ಭಾಗದ ಬೆಳೆಯ ಚಿತ್ರವೂ ಬದಲಾಗಿದೆ. ವರ್ಷವಿಡೀ ನಿಲ್ಲುವ ಕಬ್ಬು ಹೆಗ್ಗಣಕ್ಕೆ ವರ್ಷವಿಡೀ ಮರೆಯೂ ಹೌದು, ಊಟವೂ ಹೌದು.

ವೆಲ್ಲೂರಿನ ಸುಂಡಿಲಿ, ಕ್ಯಾಸನೂರಿನ ಮಂಗ

ಇದೆಲ್ಲ ದೂರದ ದೇಶಗಳ ಮಾತಾಯಿತು, ನಮ್ಮಲ್ಲೇನಿದೆ ಎಂದು ಕೇಳುವಿರಾ?

ಹಂಟಾ ವಂಶದಲ್ಲಿ ಮೊಟ್ಟಮೊದಲು ಪ್ರತ್ಯೇಕಿಸಿದ ವೈರಸ್ ಸಿಕ್ಕಿದ್ದು ಕೊರಿಯಾದಲ್ಲಲ್ಲ, ತಮಿಳುನಾಡಿನಲ್ಲಿ. 1964ರಲ್ಲಿ ವೆಲ್ಲೂರಿನ ತೊಟ್ಟಪಾಳಯಂನಲ್ಲಿ ಹಿಡಿದ ಒಂದು ಸುಂಡಿಲಿಯಿಂದ ಅದನ್ನು ಬೇರ್ಪಡಿಸಲಾಯಿತು. ಅದು ಹಂಟಾ ವಂಶದ್ದು ಎಂಬುದು ಮಾತ್ರ ಗೊತ್ತಾದದ್ದು ಬಹಳ ವರ್ಷಗಳ ನಂತರ. ಉದ್ದ ಮೂತಿಯ, ಗೋಡೆಯ ಬದಿಯಲ್ಲೇ ಚಿಂವ್ ಚಿಂವ್ ಎನ್ನುತ್ತ ಓಡುವ, ಕೆಟ್ಟ ವಾಸನೆಯ ಆ ಪ್ರಾಣಿ ನಮ್ಮ ಮನೆಗಳಲ್ಲೂ ಉಂಟು. ಇಲಿಯೆಂದು ಕರೆದರೂ ಅದು ಇಲಿಯಲ್ಲ. ಹುಳಹುಪ್ಪಟೆ ತಿನ್ನುವ ಬೇರೆಯೇ ಗುಂಪಿಗೆ ಸೇರಿದ್ದು. ಮುಂದೆ ಈ ಶತಮಾನದ ಮೊದಲ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂಶೋಧಕರು ಧಾನ್ಯದ ಗೋದಾಮುಗಳಲ್ಲಿ ದುಡಿಯುವವರ ಮತ್ತು ಇಲಿ ಹಿಡಿಯುವ ಇರುಳರ ರಕ್ತ ಪರೀಕ್ಷಿಸಿದಾಗ ಕೆಲವರಲ್ಲಿ ಹಂಟಾವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಕಂಡವು. ವೈರಸ್ ಅವರ ಮೈಗೆ ಬಂದುಹೋಗಿತ್ತು ಎಂಬುದಕ್ಕೆ ಅದು ಗುರುತು.

ಕರ್ನಾಟಕದ್ದೇ ಆದ ಕತೆ ಮಂಗನ ಕಾಯಿಲೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ಸನ್ನು ಗುರುತಿಸಿದರು. ಅದನ್ನು ಹರಡುವುದು ಕಾಡಿನ ಉಣ್ಣಿ.

ಸಾಯುವುದು ಮಂಗ, ಹೆಸರು ಬಂದದ್ದೂ ಮಂಗನದೇ. ಆದರೆ ವೈರಸ್ ಮಂಗನಲ್ಲಿ ಮಾತ್ರ ಇರಲಿಲ್ಲ. ಕಾಡಿನ ಇಲಿಗಳು ಮತ್ತು ಸುಂಡಿಲಿಗಳಲ್ಲೂ ಅದು ಸಿಕ್ಕಿತು. ಉಣ್ಣಿಯ ಪುಟ್ಟ ಮರಿಗಳು ನೆಲದಲ್ಲಿ ಓಡಾಡುವ ಇಂಥ ಸಣ್ಣ ಪ್ರಾಣಿಗಳ ರಕ್ತ ಹೀರಿ ಬೆಳೆಯುತ್ತವೆ. ಹೀಗೆ ಸದ್ದಿಲ್ಲದೆ ವೈರಸ್ಸಿನ ಚಕ್ರ ಕೆಳಗೆ ತಿರುಗುತ್ತಿರುತ್ತದೆ. ಆ ಚಕ್ರ ಮೇಲಕ್ಕೆ ಚಾಚಿ ಮಂಗನನ್ನು ತಾಗಿದಾಗ ಮಾತ್ರ ನಮಗೆ ಸುದ್ದಿ ತಿಳಿಯುತ್ತದೆ.

ಈ ರೋಗ ಮಲೆನಾಡಿಗಷ್ಟೇ ಸೀಮಿತವೆಂದು ಬಹುಕಾಲ ಎಲ್ಲರೂ ತಿಳಿದಿದ್ದರು. 2016ರಲ್ಲಿ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲೂ ಅದು ಕಾಣಿಸಿತು. ಗೋಡಂಬಿ ಸುಗ್ಗಿಗೆಂದು ಗೋವಾದ ತೋಟಗಳಿಗೆ ಹೋಗಿ ಬಂದವರು ಅವರು. ದುಡಿಮೆಗೆ ಹೋದ ಕಡೆಯಿಂದ ಕೂಲಿಯ ಜೊತೆಗೆ ಜ್ವರವನ್ನೂ ತಂದಿದ್ದರು. ಕಿತ್ತೂರಿನಿಂದ ಪಶ್ಚಿಮಕ್ಕೆ ಹೊರಟರೆ ಖಾನಾಪುರ, ಅಲ್ಲಿಂದಾಚೆ ಸಹ್ಯಾದ್ರಿಯ ಕಾಡು. ಬಯಲುಸೀಮೆಗೂ ಕಾಡಿಗೂ ನಡುವೆ ಇರುವುದು ಒಂದು ದಿನದ ಬಸ್ ಪ್ರಯಾಣ ಮಾತ್ರ.

ಕೊಲ್ಲುವುದೋ, ದೂರವಿಡುವುದೋ

ಹಾಗಾದರೆ ಇಲಿಗಳನ್ನೆಲ್ಲ ಕೊಂದುಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ವಡ್ಡರ ಅನುಭವ ಈಗಾಗಲೇ ಅದಕ್ಕೆ ಉತ್ತರ ಕೊಟ್ಟಿದೆ. ಬಯಲು ಅಪಾರ, ಇಲಿಯ ಸಂತಾನವೂ ಅಪಾರ.

ಮನೆಯ ಮಾತು ಬೇರೆ. 1960ರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದ ಬೊಲಿವಿಯ ದೇಶದ ಸ್ಯಾನ್ ಹೋಕಿನ್ ಎಂಬ ಊರಿನಲ್ಲಿ ಇಲಿಯಿಂದ ಬರುವ ಇನ್ನೊಂದು ವೈರಸ್ ಜನರನ್ನು ಕಾಡಿತು. ಊರಿನಲ್ಲಿ ಬೆಕ್ಕುಗಳು ಕಡಿಮೆಯಾಗಿದ್ದವು, ಇಲಿಗಳು ಮನೆ ಹೊಕ್ಕಿದ್ದವು. 1964ರಲ್ಲಿ ಮನೆಮನೆಯಲ್ಲೂ ಬೋನಿಟ್ಟು ಇಲಿ ಹಿಡಿದಾಗ ಕೆಲವೇ ವಾರಗಳಲ್ಲಿ ರೋಗ ನಿಂತಿತು. ಮನೆ ಚಿಕ್ಕದು, ಅದರ ಬಾಗಿಲು ನಮ್ಮ ಕೈಯಲ್ಲಿದೆ. ಅಲ್ಲಿ ಇಲಿಯನ್ನು ಗೆಲ್ಲಬಹುದು.

ಹೊಲದಲ್ಲಿ ನಮಗೆ ನೆರವಾಗುವವರು ಬೇರೆ ಇದ್ದಾರೆ. ಗೂಬೆ, ಕೇರೆಹಾವು, ಮುಂಗುಸಿ, ನರಿ. ಅಪಶಕುನವೆಂದು ಕಲ್ಲೆಸೆಯುವ ಗೂಬೆ ರಾತ್ರಿಯಿಡೀ ರೈತನ ಪುಕ್ಕಟೆ ಕಾವಲುಗಾರ. ಕೇರೆಯಲ್ಲಿ ವಿಷವೇ ಇಲ್ಲ. ಇವುಗಳ ಜೊತೆಗೆ ಇಲಿಗಳ ಜಾತಿವೈವಿಧ್ಯವೂ ಒಂದು ರಕ್ಷೆಯೇ. ಮಧ್ಯ ಅಮೆರಿಕದ ಪನಾಮಾದಲ್ಲಿ ಸಂಶೋಧಕರು ಕೆಲವು ಜಾಗಗಳಿಂದ ವೈರಸ್ ಹೊರದ ಸಣ್ಣ ಪ್ರಾಣಿಗಳನ್ನು ತೆಗೆದುಹಾಕಿ ನೋಡಿದರು. ಉಳಿದ ಜಾತಿಯ ಇಲಿಗಳಲ್ಲಿ ಹಂಟಾ ಸೋಂಕು ಹೆಚ್ಚಿತೆಂದು 2009ರಲ್ಲಿ ವರದಿಯಾಯಿತು. ನೆರೆಯಲ್ಲಿ ಬೇರೆ ಬೇರೆ ಜಾತಿಗಳಿದ್ದರೆ ವೈರಸ್ ಹೊತ್ತ ಇಲಿ ತನ್ನವರನ್ನೇ ಎದುರಾಗಿ ಕಚ್ಚಾಡುವುದು ಕಡಿಮೆ. ಎಲಿಯಟ್‌ನ ಉದ್ದನೆಯ ಇಲಿಪಟ್ಟಿ ಹೊಲದ ಆರೋಗ್ಯದ ಪಟ್ಟಿಯೂ ಹೌದು ಎನ್ನಬಹುದು.

ಮನೆಯಲ್ಲಿ ಮಾಡಬೇಕಾದ್ದು

ತಾಯಿ ತಂದೆಯರು ಇದನ್ನೋದಿ ಹೆದರಬೇಕಾಗಿಲ್ಲ. ಕೆಲವು ಸಣ್ಣ ರೂಢಿಗಳು ಸಾಕು.

ಬಹಳ ದಿನ ಮುಚ್ಚಿಟ್ಟ ಕಾಳಿನ ಕೋಣೆ, ಹತ್ತಿ ತುಂಬಿದ ಕೋಣೆ ಅಥವಾ ಪಂಪ್‌ಸೆಟ್ ಮನೆಯನ್ನು ತೆರೆದೊಡನೆ ಕಸಬರಿಗೆ ಹಿಡಿದು ಒಳಗೆ ನುಗ್ಗಬೇಡಿ. ಒಣಗಿದ ಇಲಿಹಿಕ್ಕೆಯನ್ನು ಗುಡಿಸಿದರೆ ಧೂಳೇಳುತ್ತದೆ. ಹಂಟಾವೈರಸ್ ಮೂಗಿಗೆ ಏರುವುದು ಆ ಧೂಳಿನ ಮೂಲಕವೇ. ಮೊದಲು ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಒಂದು ಪಾಲು ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಚಿಮುಕಿಸಿ. ಐದು ನಿಮಿಷ ನೆನೆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಾಯಿ ಮೂಗಿಗೆ ವಸ್ತ್ರ, ಕೈಗೆ ರಬ್ಬರ್ ಚೀಲ ಇರಲಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ.

ಕಾಳಿನ ಚೀಲಗಳನ್ನು ನೆಲದಿಂದ ಮೇಲಕ್ಕೆ, ಗೋಡೆಯಿಂದ ದೂರಕ್ಕೆ ಇಡಿ. ಗೋಡೆಯ ತೂತುಗಳನ್ನು ಗಾಜಿನ ಚೂರು, ಸಿಮೆಂಟು ಹಾಕಿ ಮುಚ್ಚಿ. ಮೇವಿನ ಬಣವೆ ಮಲಗುವ ಮನೆಗೆ ತಾಗಿಕೊಂಡಿರದಿರಲಿ. ಇಲಿ ಕಚ್ಚಿದ ಹಣ್ಣು, ರೊಟ್ಟಿಯನ್ನು ಅಷ್ಟು ಭಾಗ ತೆಗೆದು ತಿನ್ನುವ ಅಭ್ಯಾಸ ಬೇಡ. ಸತ್ತ ಇಲಿಯ ಬಾಲವನ್ನು 맨ಗೈಯಲ್ಲಿ ಹಿಡಿದು ಎಸೆಯುವುದೂ ಬೇಡ. ಕಾಡಿನ ಬದಿಗೆ ಕೂಲಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಮರಳಿ ಬಂದಾಗ ಉಣ್ಣಿ ಅಂಟಿದೆಯೇ ಎಂದು ನೋಡಿಕೊಳ್ಳಬೇಕು. ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವು, ಏನು ಕೆಲಸ ಮಾಡಿದ್ದೆವು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಎಷ್ಟೋ ಸಲ ರೋಗದ ಸುಳಿವು ಆ ಒಂದು ಮಾತಿನಲ್ಲಿರುತ್ತದೆ.

ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಗಣೇಶ ಚೌತಿಯ ಮರುದಿನ ‘ಇಲಿವಾರ’ ಆಚರಿಸುತ್ತಾರೆ. ಗಣಪನ ವಾಹನಕ್ಕೂ ಒಂದು ದಿನದ ಮರ್ಯಾದೆ. ಬಟ್ಟೆ, ನೂಲು ಕಡಿಯಬೇಡವೆಂದು ಬೇಡಿಕೊಳ್ಳುವುದೂ ಉಂಟು. ಮರ್ಯಾದೆ ಕೊಟ್ಟು ದೂರದಲ್ಲಿಡುವ ಈ ಜಾಣತನವನ್ನೇ ವಿಜ್ಞಾನವೂ ಬೇರೆ ಮಾತಿನಲ್ಲಿ ಹೇಳುತ್ತಿದೆ. ಇಲಿ ಮತ್ತು ಅದರ ವೈರಸ್ಸಿನ ನಡುವಿನ ಒಪ್ಪಂದ ಬಹಳ ಹಳೆಯದು. ಅದನ್ನು ಮುರಿಯುವುದು ನಮ್ಮ ಕೈಲಾಗದು. ಆ ಒಪ್ಪಂದದ ನಡುವೆ ನಾವು ತಲೆಹಾಕದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಮಕ್ಕಳು ಈ ಸುಗ್ಗಿಯಲ್ಲಿ ಬಿಲ ಅಗೆಯುವ ಆಟ ಬಿಟ್ಟು ಬೇರೊಂದು ಆಟ ಆಡಬಹುದು. ಒಂದು ನೋಟ್‌ಬುಕ್ ಹಿಡಿದು ತಮ್ಮ ಹೊಲದ ಬದುವಿನಲ್ಲಿ ಎಷ್ಟು ಬಿಲಗಳಿವೆ ಎಂದು ದೂರದಿಂದಲೇ ಎಣಿಸಿ ಬರೆದಿಡಲಿ. ಎದುರಿಗೆ ಆ ತಿಂಗಳ ಮಳೆಯನ್ನೂ ಬರೆಯಲಿ. ನಾಲ್ಕಾರು ವರ್ಷ ಹೀಗೆ ಬರೆದರೆ ಮಳೆಗೂ ಇಲಿಗೂ ಇರುವ ನಂಟು ಅವರ ಕಣ್ಣೆದುರೇ ಮೂಡುತ್ತದೆ. ಎಲಿಯಟ್ ಮಾಡಿದ್ದೂ ಇಷ್ಟೇ. ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ.